ಗಣಕದಲ್ಲಿ ಕನ್ನಡ ಕೆಟ್ಟಾಗ: ದೋಷ ಗುರುತಿಸುವುದು, ದೂರು ಬರೆಯುವುದು ಹೇಗೆ?

ಕಲಬುರಗಿ: ಕಮಲಾಪುರದ ರೈತರೊಬ್ಬರು ಸೇವಾ ಕೇಂದ್ರವೊಂದರ ಕಿಟಕಿಯ ಮುಂದೆ ಮೂರು ಕಾಗದ ಹಿಡಿದು ನಿಂತಿದ್ದಾರೆ ಎಂದಿಟ್ಟುಕೊಳ್ಳೋಣ. ಪಹಣಿಯಲ್ಲಿ ಊರಿನ ಹೆಸರು ‘ಕಮಲಾಪುರ’ ಎಂದಿದೆ. ಪಾಸ್‌ಬುಕ್‌ನಲ್ಲಿ ‘ಕಮಲಾಪೂರ’ ಎಂದಾಗಿದೆ. ಹಳೆಯ ಪ್ರಮಾಣಪತ್ರದಲ್ಲಿ ತಾಲ್ಲೂಕು ಇನ್ನೂ ‘ಗುಲ್ಬರ್ಗಾ’. ಕಿಟಕಿಯ ಒಳಗಿರುವ ಸಿಬ್ಬಂದಿಗೂ ಹೊರಗಿರುವ ರೈತರಿಗೂ ಇವೆಲ್ಲ ಒಂದೇ ಊರಿನ ಕಾಗದಗಳೆಂಬುದರಲ್ಲಿ ಅನುಮಾನವಿಲ್ಲ. ಆದರೆ ಗಣಕಕ್ಕೆ ಮೂರೂ ಬೇರೆ ಬೇರೆ. ‘ಸಿಸ್ಟಮ್ ತಗೊಳ್ಳವಲ್ದರಿ’ ಎಂಬ ಮಾತಿನೊಂದಿಗೆ ಅರ್ಜಿ ಹಿಂದಕ್ಕೆ ಬರುತ್ತದೆ.

ಅಲ್ಲಿಗೆ ವಿಷಯ ಮುಗಿಯಿತೆಂದು ಬಹುತೇಕರು ಭಾವಿಸುತ್ತಾರೆ. ವಾಸ್ತವವಾಗಿ ಆ ಕ್ಷಣದಲ್ಲಿ ತಂತ್ರಾಂಶದ ಒಂದು ದೋಷ ಪತ್ತೆಯಾಗಿರುತ್ತದೆ. ಅದನ್ನು ಕಂಡವರು ಕಿಟಕಿಯ ಬಳಿ ಇದ್ದಾರೆ, ತಿದ್ದಬಲ್ಲವರು ನೂರಾರು ಕಿಲೋಮೀಟರ್ ಆಚೆ ಕುಳಿತಿದ್ದಾರೆ. ಇವರಿಬ್ಬರ ನಡುವೆ ಮಾತು ನಡೆಯುವ ದಾರಿ ಮಾತ್ರ ಇಲ್ಲ. ಇದ್ದರೂ ‘ಕನ್ನಡ ಬರುತ್ತಿಲ್ಲ’ ಎಂಬ ಎರಡು ಪದಗಳ ದೂರಿನಿಂದ ತಂತ್ರಾಂಶ ತಜ್ಞರಿಗೆ ಏನೂ ತಿಳಿಯುವುದಿಲ್ಲ. ಗಣಕದಲ್ಲಿ ಕನ್ನಡ ಕೆಡುವ ಬಗೆಗಳು ಹಲವು. ಪ್ರತಿಯೊಂದಕ್ಕೂ ಕಾರಣ ಬೇರೆ, ಪರಿಹಾರ ಬೇರೆ, ದೂರು ತಲುಪಬೇಕಾದ ವಿಳಾಸವೂ ಬೇರೆ.

ಅಕ್ಷರವೋ, ಚಿತ್ರವೋ?

ದೋಷಗಳ ಮೂಲ ಅರಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಯು.ಬಿ. ಪವನಜ ಅವರು 1996ರಲ್ಲಿ ‘ವಿಶ್ವಕನ್ನಡ’ ಜಾಲತಾಣವನ್ನು ಆರಂಭಿಸಿದಾಗಲಾಗಲೀ, ಶೇಷಾದ್ರಿವಾಸು ಚಂದ್ರಶೇಖರನ್ ಅವರು 1998ರಲ್ಲಿ ‘ಬರಹ’ ತಂತ್ರಾಂಶವನ್ನು ಹೊರತಂದಾಗಲಾಗಲೀ ಸಾಮಾನ್ಯ ಗಣಕಗಳಿಗೆ ಕನ್ನಡವೆಂಬ ಲಿಪಿಯೊಂದಿದೆ ಎಂಬುದೇ ತಿಳಿದಿರಲಿಲ್ಲ. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ, ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನು ಆಧರಿಸಿದ ‘ನುಡಿ’ಯೂ ಇದೇ ಸ್ಥಿತಿಯಲ್ಲಿ ಹುಟ್ಟಿದ ತಂತ್ರಾಂಶ. ಯುರೋಪಿನ ಭಾಷೆಗಳಿಗಾಗಿ ಮೀಸಲಾದ 256 ಸ್ಥಾನಗಳಲ್ಲಿ ಕನ್ನಡ ಅಕ್ಷರದ ತುಣುಕುಗಳ ಚಿತ್ರಗಳನ್ನು ಕೂರಿಸಿ ಕೆಲಸ ಸಾಗಿಸಲಾಯಿತು. ಗಣಕದ ಒಳಗೆ ಇದ್ದದ್ದು ಫ್ರೆಂಚ್, ಜರ್ಮನ್ ಅಕ್ಷರಗಳ ಸಾಲು. ಪರದೆಯ ಮೇಲೆ ಕಂಡದ್ದು ಕನ್ನಡ. ಫಾಂಟ್ ತೆಗೆದರೆ ಬಣ್ಣ ಬಯಲು.

ಯುನಿಕೋಡ್ ಬಂದ ಬಳಿಕ ಈ ಲೆಕ್ಕ ಬದಲಾಯಿತು. 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳು ದೊರೆತವು. ದಶಮಾನ ಸಂಖ್ಯೆಯಲ್ಲಿ ಹೇಳುವುದಾದರೆ 3200ರಿಂದ 3327ರವರೆಗೆ. ಇಲ್ಲಿ ‘ಕ’ ಎಂಬುದು ಚಿತ್ರವಲ್ಲ, 3221 ಎಂಬ ಸಂಖ್ಯೆ. ಒತ್ತು, ಕೊಂಬು, ಇಳಿಗಳನ್ನು ಎಲ್ಲಿ ಹೇಗೆ ಬರೆಯಬೇಕೆಂಬುದನ್ನು ಫಾಂಟ್ ಹಾಗೂ ಅಕ್ಷರ ಜೋಡಿಸುವ ತಂತ್ರಾಂಶ ಸೇರಿ ನಿರ್ಧರಿಸುತ್ತವೆ. ವಿಂಡೋಸ್‌ನಲ್ಲಿ ಈ ಸೌಲಭ್ಯ 2001ರ ಎಕ್ಸ್‌ಪಿ ಆವೃತ್ತಿಯೊಂದಿಗೆ, ‘ತುಂಗಾ’ ಫಾಂಟ್‌ನೊಂದಿಗೆ ಬಂದಿತು. ಅದೂ ಸುಮ್ಮನೆ ಅಲ್ಲ. ಮೂಲ ಸಿ.ಡಿ.ಯನ್ನು ಮತ್ತೆ ಹಾಕಿ, ಸಂಕೀರ್ಣ ಲಿಪಿಗಳ ಕಡತಗಳನ್ನು ಬೇರೆಯಾಗಿಯೇ ಅಳವಡಿಸಿಕೊಳ್ಳಬೇಕಿತ್ತು. ಆ ದಿನಗಳಲ್ಲಿ ಸೈಬರ್ ಕೆಫೆಗಳಲ್ಲಿ ಕುಳಿತವರಿಗೆ ಇದರ ನೆನಪಿರಬಹುದು. ಮೊಬೈಲ್ ಫೋನ್‌ಗಳ ಕಡೆಗೆ ನೋಡಿದರೆ, ಆಂಡ್ರಾಯ್ಡ್‌ನಲ್ಲಿ ಕನ್ನಡಕ್ಕೆ ಅಧಿಕೃತ ಬೆಂಬಲ ದೊರೆತದ್ದು 2012ರ 4.1 ಆವೃತ್ತಿಯಲ್ಲಿ.

ಹೀಗೆ ಚಿತ್ರದ ಕಾಲ ಮತ್ತು ಸಂಖ್ಯೆಯ ಕಾಲ ಎಂಬ ಎರಡು ಯುಗಗಳ ಕಡತಗಳು ಇಂದಿಗೂ ನಮ್ಮ ನಡುವೆ ಇವೆ. ಅರ್ಧದಷ್ಟು ತೊಂದರೆಗಳು ಹುಟ್ಟುವುದು ಇವೆರಡರ ಗಡಿಯಲ್ಲಿ.

ಪರದೆಯ ಮೇಲೆ ಕಂಡದ್ದೇನು?

ವೈದ್ಯರು ನಾಲಿಗೆ ನೋಡಿ ಜ್ವರದ ಬಗೆ ಊಹಿಸುವಂತೆ, ಕೆಟ್ಟ ಅಕ್ಷರಗಳ ರೂಪ ನೋಡಿಯೇ ಕಾರಣವನ್ನು ಬಹುಮಟ್ಟಿಗೆ ಹೇಳಬಹುದು.

ಕನ್ನಡ ಇರಬೇಕಾದಲ್ಲಿ ಖಾಲಿ ಚೌಕಗಳು ಕಂಡರೆ ಅದು ಅತ್ಯಂತ ಸೌಮ್ಯ ಕಾಯಿಲೆ. ಪಠ್ಯ ಸರಿಯಾಗಿದೆ, ತೋರಿಸಲು ಫಾಂಟ್ ಇಲ್ಲ, ಅಷ್ಟೆ. ಫಾಂಟ್ ಅಳವಡಿಸಿದರೆ ಎಲ್ಲವೂ ಕಾಣುತ್ತದೆ.

ತಲೆಯ ಮೇಲೆ ಗೆರೆ, ಚುಕ್ಕಿ ಹೊತ್ತ ಯುರೋಪಿನ ದೊಡ್ಡಕ್ಷರಗಳು ಅಡ್ಡಾದಿಡ್ಡಿಯಾಗಿ ಕಂಡರೆ, ಅದು ನುಡಿ ಅಥವಾ ಬರಹದ ಹಳೆಯ ಫಾಂಟ್‌ನಲ್ಲಿ ಬರೆದ ಕಡತ. ಇದನ್ನು ಪರಿವರ್ತಕದ ಮೂಲಕ ಯುನಿಕೋಡ್‌ಗೆ ತರಬೇಕು. ಆದರೆ ಗೆರೆ ಹೊತ್ತ ಇಂಗ್ಲಿಷ್‌ನ ಸಣ್ಣ ‘ಎ’, ಅದರ ಪಕ್ಕದಲ್ಲಿ ಪುಟ್ಟ 2 ಅಥವಾ ಪುಟ್ಟ 3, ಹೀಗೆ ಒಂದೇ ಜೋಡಿ ಪ್ರತಿ ಮೂರನೆಯ ಅಕ್ಷರಕ್ಕೆ ಮರುಕಳಿಸುತ್ತಿದ್ದರೆ ಅದು ಬೇರೆಯೇ ದೋಷ. ಯುನಿಕೋಡ್‌ನ ಯುಟಿಎಫ್-8 ಕಡತವನ್ನು ಗಣಕವು ಯುರೋಪಿನ ಸಂಕೇತವೆಂದು ತಪ್ಪಾಗಿ ಓದುತ್ತಿದೆ. ಈ ಪದ್ಧತಿಯಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ ಮೂರು ಬೈಟ್‌ಗಳು ಬೇಕು. ಅವುಗಳ ಪೈಕಿ ಮೊದಲ ಎರಡು ಯಾವಾಗಲೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಈ ಮರುಕಳಿಕೆ. ಅಲ್ಪವಿರಾಮಗಳಿಂದ ಬೇರ್ಪಡಿಸಿದ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ನೇರವಾಗಿ ತೆರೆದವರಿಗೆ ಈ ದೃಶ್ಯ ಚೆನ್ನಾಗಿ ಪರಿಚಿತ. ಗಾಬರಿಪಡುವ ಅಗತ್ಯವಿಲ್ಲ. ಕಡತವನ್ನು ಅದೇ ಸ್ಥಿತಿಯಲ್ಲಿ ಉಳಿಸದೆ ಮುಚ್ಚಿ, ಆಮದು ಮಾಡುವಾಗ ಯುಟಿಎಫ್-8 ಎಂದು ಆಯ್ದುಕೊಂಡರೆ ಸರಿಹೋಗುತ್ತದೆ.

ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆಗಳು ಕಂಡರೆ ಮಾತ್ರ ಗಾಬರಿಪಡಬೇಕು. ಕನ್ನಡಕ್ಕೆ ಜಾಗವೇ ಇಲ್ಲದ ದತ್ತಸಂಚಯಕ್ಕೆ ಕನ್ನಡವನ್ನು ಸುರಿದಾಗ ಹೀಗಾಗುತ್ತದೆ. ಪ್ರತಿ ಅಕ್ಷರದ ಬದಲಿಗೆ ನಿಜವಾಗಿಯೇ ಒಂದು ಪ್ರಶ್ನಾರ್ಥಕ ಚಿಹ್ನೆ ದಾಖಲಾಗಿರುತ್ತದೆ. ಮೂಲ ಪಠ್ಯ ಬೇರೆಡೆ ಇಲ್ಲದಿದ್ದರೆ ಅದನ್ನು ಯಾವ ತಜ್ಞನೂ ಮರಳಿ ತರಲಾರ. ಇಂತಹ ದೋಷ ಕಂಡ ತಕ್ಷಣ ಮಾಡಬೇಕಾದ ಮೊದಲ ಕೆಲಸವೆಂದರೆ ಹೊಸ ದಾಖಲೆ ಸೇರಿಸುವುದನ್ನು ನಿಲ್ಲಿಸುವುದು. ದೂರು ಬರೆಯುವುದು ಆಮೇಲೆ.

ಇನ್ನು ಚುಕ್ಕಿಗಳಿಂದಾದ ವೃತ್ತದ ಪಕ್ಕದಲ್ಲಿ ಕೊಂಬೋ ದೀರ್ಘವೋ ಒಂಟಿಯಾಗಿ ನಿಂತಿದ್ದರೆ, ಸ್ವರಚಿಹ್ನೆಗೆ ಆಧಾರವಾದ ವ್ಯಂಜನ ಇಲ್ಲವೆಂದು ಅರ್ಥ. ಎರಡು ಬಾರಿ ಕೀಲಿ ಒತ್ತಿರಬಹುದು, ನಡುವೆ ಖಾಲಿ ಜಾಗ ನುಸುಳಿರಬಹುದು. ಪಿಡಿಎಫ್ ಕಡತದಿಂದ ನಕಲು ಮಾಡಿದ ಕನ್ನಡ ಅಂಟಿಸಿದೊಡನೆ ಛಿದ್ರವಾಗುವುದು ಕೂಡ ನಿತ್ಯದ ಅನುಭವ. ಪಿಡಿಎಫ್‌ನಲ್ಲಿ ಉಳಿಯುವುದು ಮುಖ್ಯವಾಗಿ ಅಕ್ಷರದ ಆಕಾರಗಳು. ಯಾವ ಆಕಾರ ಯಾವ ಸಂಕೇತದ್ದೆಂಬ ಕೋಷ್ಟಕ ಕಡತದೊಳಗೆ ಸರಿಯಿಲ್ಲದಿದ್ದರೆ ಕಣ್ಣಿಗೆ ಕಂಡದ್ದು ಕೈಗೆ ಸಿಗುವುದಿಲ್ಲ.

ಜಿಲ್ಲೆಯ ತಾಲ್ಲೂಕುಗಳೇ ಪರೀಕ್ಷಾ ಪತ್ರಿಕೆ

ಯಾವುದೇ ಕನ್ನಡ ತಂತ್ರಾಂಶವನ್ನು ಪರೀಕ್ಷಿಸಲು ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಕಲಬುರಗಿ ಜಿಲ್ಲೆಯ ಹನ್ನೊಂದು ತಾಲ್ಲೂಕುಗಳ ಹೆಸರುಗಳನ್ನು ಟೈಪ್ ಮಾಡಿ ನೋಡಿದರೆ ಸಾಕು. ಉತ್ಪ್ರೇಕ್ಷೆಯಲ್ಲ. ಕನ್ನಡ ಲಿಪಿಯ ತೊಡಕುಗಳ ಪೈಕಿ ಹೆಚ್ಚಿನವು ಈ ಹೆಸರುಗಳಲ್ಲಿ ಅಡಗಿವೆ.

ಮೊದಲು ಜೇವರ್ಗಿ. ಇದರಲ್ಲಿ ಅರ್ಕಾವತ್ತು ಇದೆ. ಉಚ್ಚಾರಣೆಯಲ್ಲಿ ‘ರ್’ ಮೊದಲು, ‘ಗಿ’ ಆಮೇಲೆ. ಯುನಿಕೋಡ್ ಕೂಡ ಇದೇ ಕ್ರಮವನ್ನು ಅನುಸರಿಸುತ್ತದೆ: ರ, ವಿರಾಮ ಚಿಹ್ನೆ, ಗ, ಗುಡಿಸು. ಬರವಣಿಗೆಯಲ್ಲಿ ಮಾತ್ರ ಅರ್ಕಾವತ್ತು ‘ಗಿ’ಯ ಬಲಕ್ಕೆ ಹೋಗುತ್ತದೆ. ಹಳೆಯ ಫಾಂಟ್‌ಗಳಲ್ಲಿ ಕಣ್ಣಿಗೆ ಕಾಣುವ ಕ್ರಮದಲ್ಲಿಯೇ ಚಿತ್ರಗಳನ್ನು ಇರಿಸಲಾಗುತ್ತಿತ್ತು. ಆದುದರಿಂದ ಕೆಟ್ಟ ಪರಿವರ್ತಕವು ಅರ್ಕಾವತ್ತನ್ನು ಹಿಂದಕ್ಕೆ ಜರುಗಿಸಲು ಮರೆತರೆ ‘ಜೇವರ್ಗಿ’ಯು ‘ಜೇವಗಿರ್’ ಆಗುತ್ತದೆ. ‘ಗುಲ್ಬರ್ಗಾ’ ಎಂಬುದು ‘ಗುಲ್ಬಗಾರ್’ ಆಗುತ್ತದೆ. ‘ಕರ್ನಾಟಕ’ ಎಂಬುದು ‘ಕನಾರ್ಟಕ’ ಆಗುತ್ತದೆ. ಈ ಕೊನೆಯ ರೂಪವನ್ನು ಅಂತರಜಾಲದಲ್ಲಿ ಹುಡುಕಿ ನೋಡಿ, ನಮ್ಮ ರಾಜ್ಯದ ಹೆಸರು ಎಷ್ಟು ಕಡೆ ಹೀಗೆ ನರಳುತ್ತಿದೆಯೆಂದು ತಿಳಿಯುತ್ತದೆ. ನಮ್ಮ ಸುದ್ದಿಮನೆಯ ಹಳೆಯ ಪುಟಗಳನ್ನು ಪರಿವರ್ತಿಸುವಾಗಲೂ ‘ಧರ್ಮ’ವು ‘ಧಮರ್’ ಆದ ಪ್ರಸಂಗಗಳು ಕಡಿಮೆಯೇನಲ್ಲ. ಕರಡು ತಿದ್ದುವವರಿಗೆ ಮೊದಮೊದಲು ನಗು ಬಂದಿತ್ತು. ನೂರನೆಯ ಪುಟದ ಹೊತ್ತಿಗೆ ಯಾರೂ ನಗುತ್ತಿರಲಿಲ್ಲ.

ಯಡ್ರಾಮಿಯಲ್ಲಿ ಇದೇ ‘ರ’ ಎರಡನೆಯ ಸ್ಥಾನದಲ್ಲಿದೆ. ಆದುದರಿಂದ ‘ಡ’ದ ಕೆಳಗೆ ಒತ್ತಾಗಿ ಇಳಿಯುತ್ತದೆ. ಜೇವರ್ಗಿ ಸರಿ ಬಂದು ಯಡ್ರಾಮಿ ಕೆಟ್ಟರೆ ಅಥವಾ ಅದು ಸರಿಯಿದ್ದು ಇದು ಕೆಟ್ಟರೆ, ಫಾಂಟ್‌ನ ಒಂದು ನಿರ್ದಿಷ್ಟ ನಿಯಮದಲ್ಲಿ ಲೋಪವಿದೆ ಎಂದು ಹೇಳಬಹುದು. ಮೂರನೆಯ ಸಂದರ್ಭವೊಂದಿದೆ. ‘ರ‍್ಯಾಲಿ’, ‘ರ‍್ಯಾಂಕ್’ ಮೊದಲಾದ ಪದಗಳಲ್ಲಿ ‘ರ’ ಪೂರ್ಣವಾಗಿ ನಿಂತು ‘ಯ’ ಒತ್ತಾಗಬೇಕು. ಇದಕ್ಕಾಗಿ ‘ರ’ ಮತ್ತು ವಿರಾಮ ಚಿಹ್ನೆಯ ನಡುವೆ ಕಣ್ಣಿಗೆ ಕಾಣದ ಒಂದು ಜೋಡಕವನ್ನು ಇರಿಸಬೇಕೆಂದು ಯುನಿಕೋಡ್ ಹೇಳುತ್ತದೆ. ಹಳೆಯ ತಂತ್ರಾಂಶಗಳು ಕೆಲವು ಅದನ್ನು ವಿರಾಮ ಚಿಹ್ನೆಯ ನಂತರ ಇರಿಸುತ್ತಿದ್ದವು. ಎರಡೂ ಬಗೆಯ ಪಠ್ಯ ಇಂದು ಚಲಾವಣೆಯಲ್ಲಿದ್ದು, ಒಂದನ್ನು ಹುಡುಕಿದರೆ ಇನ್ನೊಂದು ಸಿಗುವುದಿಲ್ಲ.

ಅಫಜಲಪುರದ ಕಥೆ ಇನ್ನೂ ಸ್ವಾರಸ್ಯಕರ. ಉರ್ದುವಿನಿಂದ ಬಂದ ಈ ಹೆಸರಿನ ಎರಡು ಧ್ವನಿಗಳಿಗೆ ಕನ್ನಡ ವರ್ಣಮಾಲೆಯಲ್ಲಿ ಪ್ರತ್ಯೇಕ ಅಕ್ಷರಗಳಿಲ್ಲ. ಅಕ್ಷರದ ಕೆಳಗೆ ಎರಡು ಚುಕ್ಕಿ ಇರಿಸಿ ‘ಫ಼’, ‘ಜ಼’ ಎಂದು ಬರೆಯುವ ರೂಢಿಯಿದೆ. ಈ ಚುಕ್ಕಿಗಳ ಚಿಹ್ನೆಗೆ ಯುನಿಕೋಡ್‌ನ ಕನ್ನಡ ವಿಭಾಗದಲ್ಲಿ ಸ್ಥಾನ ದೊರೆತದ್ದು 2003ರಲ್ಲಿ, 4.0 ಆವೃತ್ತಿಯಲ್ಲಿ. ಒಬ್ಬರು ಚುಕ್ಕಿ ಇರಿಸಿ ಬರೆಯುತ್ತಾರೆ, ಇನ್ನೊಬ್ಬರು ಬಿಟ್ಟು ಬರೆಯುತ್ತಾರೆ. ಮತ್ತೊಬ್ಬರು ‘ಅಫಜಲ್‌ಪುರ’ ಎನ್ನುತ್ತಾರೆ. ಈ ಕೊನೆಯ ರೂಪದಲ್ಲಿ ‘ಲ್’ ಮತ್ತು ‘ಪು’ ಅಂಟಿಕೊಳ್ಳದಂತೆ ತಡೆಯುವ ಇನ್ನೊಂದು ಅಗೋಚರ ಸಂಕೇತವಿದೆ. ಅದರ ಸಂಖ್ಯೆ 8204. ಅದಿಲ್ಲದಿದ್ದರೆ ಹೆಸರು ‘ಅಫಜಲ್ಪುರ’ ಎಂದಾಗುತ್ತದೆ. ‘ಶಹಾಬಾದ್‌ನಲ್ಲಿ’ ಎಂಬುದು ‘ಶಹಾಬಾದ್ನಲ್ಲಿ’ ಎಂದಾಗುವುದೂ ಇದರಿಂದಲೇ. ಅನೇಕ ಅಂತರಜಾಲ ಅರ್ಜಿ ನಮೂನೆಗಳು ‘ಅನಗತ್ಯ’ ಸಂಕೇತಗಳನ್ನು ತೆಗೆದುಹಾಕುವ ಭರದಲ್ಲಿ ಈ ಅಗೋಚರ ಸಂಕೇತವನ್ನೂ ಕಿತ್ತುಹಾಕುತ್ತವೆ. ಕನ್ನಡಕ್ಕೆ ಅದು ಅನಗತ್ಯವಲ್ಲವೆಂದು ಇಂಗ್ಲಿಷ್ ಬಲ್ಲ ತಂತ್ರಾಂಶ ರಚಕನಿಗೆ ಯಾರಾದರೂ ತಿಳಿಸಬೇಕಷ್ಟೆ.

ಸೇಡಂ ಎಂಬುದು ನೋಡಲು ಸರಳ. ಆದರೆ ಇಲ್ಲಿರುವ ಎರಡು ರೂಪಗಳನ್ನು ಗಮನಿಸಿ: ‘ಸೇಡಂ’ ಮತ್ತು ‘ಸೇಡ೦’. ಮೊದಲನೆಯದರ ಕೊನೆಯಲ್ಲಿರುವುದು ಅನುಸ್ವಾರ, ಸಂಖ್ಯೆ 3202. ಎರಡನೆಯದರ ಕೊನೆಯಲ್ಲಿರುವುದು ಕನ್ನಡ ಅಂಕಿಯ ಸೊನ್ನೆ, ಸಂಖ್ಯೆ 3302. ಕಣ್ಣಿಗೆ ವ್ಯತ್ಯಾಸ ತಿಳಿಯುವುದೇ ಕಷ್ಟ. ಗಣಕಕ್ಕೆ ಆಕಾಶ ಭೂಮಿಯ ಅಂತರ. ವಿಸರ್ಗದ ಬದಲು ಇಂಗ್ಲಿಷ್‌ನ ವಿವರಣ ಚಿಹ್ನೆಯ ಎರಡು ಚುಕ್ಕಿಗಳನ್ನು ಒತ್ತುವುದು ಇದೇ ಜಾತಿಯ ತಪ್ಪು. ಅದೇ ‘ಸೇ’ ಅಕ್ಷರದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಏತ್ವ ದೀರ್ಘವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ದೀರ್ಘ ಎಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು. ಯುನಿಕೋಡ್‌ನ ನಿಯಮದಂತೆ ಎರಡೂ ಸಮಾನ. ಆದರೆ ಪಠ್ಯವನ್ನು ಒಂದೇ ರೂಪಕ್ಕೆ ತರುವ ಹೆಜ್ಜೆಯನ್ನು ತಂತ್ರಾಂಶ ಬರೆದವರು ಬಿಟ್ಟಿದ್ದರೆ ಹುಡುಕಾಟ ವಿಫಲವಾಗುತ್ತದೆ.

ಚಿಂಚೋಳಿ ಮತ್ತು ಕಾಳಗಿಯ ‘ಳ’ಕಾರ ಅಕಾರಾದಿ ಕ್ರಮಕ್ಕೆ ತೊಡಕಾಗುತ್ತದೆ. ನಮ್ಮ ವರ್ಣಮಾಲೆಯಲ್ಲಿ ‘ಳ’ ಕೊನೆಯದು. ಭಾರತೀಯ ಲಿಪಿಗಳಿಗೆಲ್ಲ ಒಂದೇ ಕೋಷ್ಟಕವಿರಲೆಂಬ ಉದ್ದೇಶದಿಂದ ಅದನ್ನು ‘ಲ’ದ ಪಕ್ಕದಲ್ಲಿ, 3251ರಲ್ಲಿ ಕೂರಿಸಲಾಗಿದೆ. ‘ಹ’ ಇರುವುದು 3257ರಲ್ಲಿ. ಸಂಕೇತ ಸಂಖ್ಯೆಯನ್ನಷ್ಟೇ ನೋಡಿ ಪಟ್ಟಿ ಜೋಡಿಸಿದರೆ ‘ಕಳಸ’ವು ‘ಕವನ’ಕ್ಕಿಂತ ಮೊದಲು ಬರುತ್ತದೆ. ಮತದಾರರ ಪಟ್ಟಿಯಲ್ಲೋ ಫಲಿತಾಂಶದ ಪಟ್ಟಿಯಲ್ಲೋ ಹೆಸರು ‘ಇಲ್ಲ’ವೆಂದು ಹಿಂದಿರುಗಿದವರು ಇನ್ನೊಮ್ಮೆ ಹತ್ತು ಸಾಲು ಮೇಲೆ ನೋಡುವುದು ಒಳಿತು.

ಆಳಂದ, ಚಿತ್ತಾಪುರಗಳ ಬಗ್ಗೆ ವಿಶೇಷವಾಗಿ ಹೇಳುವುದೇನಿಲ್ಲ.

ಉಳಿದದ್ದು ಕಲಬುರಗಿ ಹಾಗೂ ಕಮಲಾಪುರ. ಎರಡರಲ್ಲಿಯೂ ಒತ್ತಕ್ಷರವಿಲ್ಲ. ಯಾವ ಕಳಪೆ ಫಾಂಟ್ ಕೂಡ ಇವನ್ನು ಕೆಡಿಸಲಾರದು. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಹೆಸರು ಬದಲಾದಾಗ ‘ಗುಲ್ಬರ್ಗಾ’ ಎಂಬ ಒಂಬತ್ತು ಸಂಕೇತಗಳ, ಎರಡು ಒತ್ತುಗಳ ಹೆಸರು ಹೋಗಿ ಏಳು ಸಂಕೇತಗಳ ‘ಕಲಬುರಗಿ’ ಬಂದಿತು. ಹೆಸರಿಟ್ಟವರ ಮನಸ್ಸಿನಲ್ಲಿ ಇದು ಖಂಡಿತ ಇರಲಿಲ್ಲ. ಆದರೂ ಗಣಕದ ದೃಷ್ಟಿಯಿಂದ ಇದೊಂದು ಉಪಕಾರ. ಇಲ್ಲಿನ ತೊಂದರೆ ಅಕ್ಷರದ್ದಲ್ಲ, ರೂಪಾಂತರಗಳದ್ದು. ‘ಕಲಬುರಗಿ’, ‘ಕಲಬುರ್ಗಿ’, ‘ಕಲ್ಬುರ್ಗಿ’, ‘ಗುಲ್ಬರ್ಗ’, ‘ಗುಲ್ಬರ್ಗಾ’ ಎಲ್ಲವೂ ಬಳಕೆಯಲ್ಲಿವೆ. 1980ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯ ಇಂದಿಗೂ ಗುಲ್ಬರ್ಗಾ ಹೆಸರಿನಲ್ಲಿಯೇ ಇದೆ. 2019ರಲ್ಲಿ ಭೌಗೋಳಿಕ ಸೂಚಕ ಪಡೆದ ತೊಗರಿ ಬೇಳೆಯೂ ಹಳೆಯ ಹೆಸರಿನದೇ. ಕೆಂಪು ಬಾಳೆಗೆ ಹೆಸರಾದ ಕಮಲಾಪುರ 2018ರಲ್ಲಿ ಕಾಳಗಿ, ಶಹಾಬಾದ್, ಯಡ್ರಾಮಿಗಳೊಂದಿಗೆ ಹೊಸ ತಾಲ್ಲೂಕಾಯಿತು. ಆದರೆ ಹಂಪಿಯ ಬಳಿ ಇನ್ನೊಂದು ಕಮಲಾಪುರವಿದೆ. ಜಿಲ್ಲೆ ಕೇಳದೆ ಊರಿನ ಹೆಸರನ್ನಷ್ಟೇ ಕೇಳುವ ನಮೂನೆ ಇಬ್ಬರನ್ನೂ ಒಂದೇ ಪಟ್ಟಿಗೆ ಸೇರಿಸುತ್ತದೆ.

ಈ ಭಾಗದಲ್ಲಿ ರೂಪಾಂತರಗಳು ಹೆಚ್ಚಾಗಿರುವುದಕ್ಕೆ ಚರಿತ್ರೆಯ ಕಾರಣವೂ ಇದೆ. 1948ರವರೆಗೆ ಇದು ನಿಜಾಮರ ಹೈದರಾಬಾದ್ ಸಂಸ್ಥಾನದ ಭಾಗ. ಆಡಳಿತ ಭಾಷೆ ಉರ್ದು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರ್ಪಡೆ. ಉರ್ದು ದಾಖಲೆಯಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷ್‌ಗೆ, ಇಂಗ್ಲಿಷ್‌ನಿಂದ ಮತ್ತೆ ಯಾಂತ್ರಿಕವಾಗಿ ಕನ್ನಡಕ್ಕೆ ಬಂದ ಹೆಸರು ಹೊರಟಾಗಿನ ರೂಪದಲ್ಲಿ ಉಳಿಯುವುದು ಅಪರೂಪ. 2000ದ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆಯಡಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಗಣಕಕ್ಕೆ ಏರಿದವು. ದೊಡ್ಡ ಸಾಧನೆಯೇ ಸರಿ. ಆದರೆ ಒಮ್ಮೆ ಕೀಲಿಮಣೆಯಲ್ಲಿ ಮೂಡಿದ ಹೆಸರು ಮುಂದೆ ಬೆಳೆವಿಮೆ, ಸಾಲ, ಪರಿಹಾರದ ಹಣ ಎಲ್ಲದರೊಂದಿಗೂ ತಾಳೆಯಾಗಬೇಕಾಗುತ್ತದೆ. ಒಂದು ದೀರ್ಘದ ವ್ಯತ್ಯಾಸಕ್ಕೆ ಬೆಲೆಯಿರುವುದು ಇಲ್ಲಿ.

ಉದ್ದದ ಸಮಸ್ಯೆಯನ್ನು ಚುಟುಕಾಗಿ ಹೇಳಿಬಿಡಬಹುದು. 30 ಬೈಟ್‌ಗಳ ಹೆಸರಿನ ಅಂಕಣದಲ್ಲಿ ಇಂಗ್ಲಿಷ್‌ನ 30 ಅಕ್ಷರ ಹಿಡಿಸಿದರೆ ಕನ್ನಡದ 10 ಸಂಕೇತ ಮಾತ್ರ ಹಿಡಿಸುತ್ತವೆ. ‘ಗುಲ್ಬರ್ಗಾ’ ಒಂದಕ್ಕೇ 27 ಬೈಟ್ ಬೇಕು. ಮೊಬೈಲ್ ಸಂದೇಶದಲ್ಲಿ ಇಂಗ್ಲಿಷ್‌ಗೆ 160, ಕನ್ನಡಕ್ಕೆ 70ರ ಮಿತಿ. ತುದಿ ಕತ್ತರಿಸಿಹೋದ ಹೆಸರುಗಳನ್ನು ಕಂಡಾಗ ಇದನ್ನು ನೆನೆಯಬೇಕು.

ದೂರು ಬರೆಯುವ ಬಗೆ

ಪ್ರೋಗ್ರಾಮರುಗಳ ಲೋಕದಲ್ಲಿ ದೂರು ಬರೆಯುವುದನ್ನು ಒಂದು ಶಿಸ್ತಾಗಿಯೇ ಬೆಳೆಸಲಾಗಿದೆ. ‘ಪುಟ್ಟಿ’ ತಂತ್ರಾಂಶದ ಕರ್ತೃ, ಬ್ರಿಟನ್ನಿನ ಸೈಮನ್ ಟ್ಯಾಥಮ್ 1999ರಲ್ಲಿ ಇದರ ಕುರಿತು ಬರೆದ ಪ್ರಬಂಧ ಹಲವು ಭಾಷೆಗಳಿಗೆ ಅನುವಾದಗೊಂಡಿದೆ. ಅಮೆರಿಕದ ಜೋಯಲ್ ಸ್ಪಾಲ್ಸ್ಕಿ 2000ದಲ್ಲಿ ಪ್ರತಿಪಾದಿಸಿದ ಸೂತ್ರ ಇನ್ನೂ ಸರಳ. ದೂರಿನಲ್ಲಿ ಮೂರು ಸಂಗತಿಗಳಿರಬೇಕು: ದೋಷ ಮರುಕಳಿಸಲು ಏನೇನು ಮಾಡಬೇಕು, ಏನಾಗಬೇಕೆಂದು ನಿರೀಕ್ಷಿಸಿದ್ದಿರಿ, ನಿಜವಾಗಿ ಆದದ್ದೇನು. ಇದೇ ಸ್ಪಾಲ್ಸ್ಕಿ 2008ರಲ್ಲಿ ಜೆಫ್ ಆಟ್‌ವುಡ್ ಜತೆಗೂಡಿ ‘ಸ್ಟ್ಯಾಕ್ ಓವರ್‌ಫ್ಲೋ’ ಎಂಬ ಪ್ರೋಗ್ರಾಮರುಗಳ ಪ್ರಶ್ನೋತ್ತರ ತಾಣವನ್ನು ಆರಂಭಿಸಿದರು. ದೋಷ ಕಾಣಿಸಿಕೊಳ್ಳುವ ಅತ್ಯಂತ ಚಿಕ್ಕ ಮಾದರಿಯನ್ನು ಕೊಡದ ಪ್ರಶ್ನೆಗೆ ಅಲ್ಲಿ ಮರ್ಯಾದೆಯಿಲ್ಲ. ಈ ಕಟ್ಟುನಿಟ್ಟು ಹೊಸಬರನ್ನು ಹೆದರಿಸುತ್ತದೆ ಎಂಬ ಆಕ್ಷೇಪ ಹಳೆಯದು, ನ್ಯಾಯವಾದದ್ದು ಕೂಡ. ನಗರದ ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಮೊದಲ ಪ್ರಶ್ನೆಗೇ ಋಣಾಂಕ ಪಡೆದು ಮತ್ತೆ ಅತ್ತ ಸುಳಿಯದಿದ್ದರೆ ಅಚ್ಚರಿಯಿಲ್ಲ. ಆದರೂ ಸೂತ್ರ ಸರಿಯಾದದ್ದೇ.

ಕನ್ನಡದ ದೋಷಕ್ಕೆ ಈ ಸೂತ್ರವನ್ನು ಅನ್ವಯಿಸುವಾಗ ಎರಡು ಮೂರು ಎಚ್ಚರಿಕೆಗಳು ಅಗತ್ಯ. ಪರದೆಯ ಚಿತ್ರವನ್ನಷ್ಟೇ ಕಳುಹಿಸಿದರೆ ಸಾಲದು. ಚಿತ್ರದಲ್ಲಿ ಅಗೋಚರ ಸಂಕೇತಗಳು ಕಾಣಿಸುವುದಿಲ್ಲ. ಪಠ್ಯವನ್ನಷ್ಟೇ ಕಳುಹಿಸಿದರೂ ಸಾಲದು. ಓದುವವರ ಗಣಕದಲ್ಲಿ ಅದು ಸರಿಯಾಗಿಯೇ ಕಾಣಬಹುದು. ಎರಡೂ ಬೇಕು. ಇಡೀ ಪುಟ ಕಳುಹಿಸದೆ ಕೆಟ್ಟಿರುವ ಒಂದೇ ಪದಕ್ಕೆ, ಸಾಧ್ಯವಾದರೆ ಒಂದೇ ಅಕ್ಷರಕ್ಕೆ ಇಳಿಸಿರಿ. ಕಾರ್ಯಾಚರಣೆ ವ್ಯವಸ್ಥೆಯ ಆವೃತ್ತಿ, ತಂತ್ರಾಂಶದ ಆವೃತ್ತಿ, ಫಾಂಟ್‌ನ ಹೆಸರು, ಟೈಪ್ ಮಾಡಿದ ಕೀಲಿಮಣೆ ಇವಿಷ್ಟನ್ನು ನಮೂದಿಸಿರಿ. ಕನ್ನಡ ಓದಲು ಬಾರದ ತಜ್ಞನಿಗೆ ‘ಅಕ್ಷರ ತಪ್ಪಾಗಿದೆ’ ಎಂದರೆ ಏನೂ ಅರ್ಥವಾಗದು. ಸರಿಯಾದ ರೂಪ ಹೇಗಿರುತ್ತದೆಂದು ಕೈಯಿಂದ ಬರೆದಾದರೂ ತೋರಿಸಿರಿ.

ಕಳುಹಿಸುವ ಮೊದಲು ಒಂದು ಚಿಕ್ಕ ಪರೀಕ್ಷೆ. ಅದೇ ಪಠ್ಯಕ್ಕೆ ಬೇರೆ ಫಾಂಟ್ ಹಾಕಿ ನೋಡಿ. ಸರಿಹೋದರೆ ದೋಷ ಫಾಂಟ್‌ನದು. ಗೂಗಲ್‌ನ ‘ನೋಟೊ’, ರೆಡ್ ಹ್ಯಾಟ್ ಪ್ರಾಯೋಜಿತ ‘ಲೋಹಿತ್’ ಮೊದಲಾದ ಮುಕ್ತ ಫಾಂಟ್‌ಗಳಿಗೆ ದೋಷವರದಿ ಸಲ್ಲಿಸುವ ಸಾರ್ವಜನಿಕ ವ್ಯವಸ್ಥೆಯಿದೆ. ಫಾಂಟ್ ಬದಲಿಸಿದರೂ ಕೆಟ್ಟಿದ್ದು, ಬೇರೊಂದು ತಂತ್ರಾಂಶದಲ್ಲಿ ತೆರೆದಾಗ ಸರಿಯಿದ್ದರೆ ಅಕ್ಷರ ಜೋಡಿಸುವ ಭಾಗದ ಮೇಲೆ ಅನುಮಾನಪಡಬೇಕು. ಆಂಡ್ರಾಯ್ಡ್, ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆಆಫೀಸ್‌ಗಳಲ್ಲಿ ಈ ಕೆಲಸ ಮಾಡುವುದು ‘ಹಾರ್ಫ್‌ಬಜ್’ ಎಂಬ ಒಂದೇ ಮುಕ್ತ ತಂತ್ರಾಂಶ. ಅಲ್ಲಿ ಒಂದು ದೋಷ ತಿದ್ದಿದರೆ ಕೋಟ್ಯಂತರ ಫೋನ್‌ಗಳಲ್ಲಿ ತಿದ್ದಿದಂತೆ. ಎಲ್ಲಿ ತೆರೆದರೂ ಕೆಟ್ಟಿದ್ದರೆ ಪಠ್ಯವೇ ಕೆಟ್ಟಿದೆ. ಆಗ ದೂರು ಹೋಗಬೇಕಾದದ್ದು ಆ ದಾಖಲೆಯ ಒಡೆಯರಿಗೆ.

ನಿಖರ ದೂರಿನ ಬಲ ಎಷ್ಟೆಂಬುದಕ್ಕೆ ನೆರೆಯ ತೆಲುಗಿನಿಂದ ಒಂದು ನಿದರ್ಶನ. 2018ರ ಫೆಬ್ರುವರಿಯಲ್ಲಿ, ನಮ್ಮ ‘ಜ್ಞಾ’ಕ್ಕೆ ಸಮನಾದ ತೆಲುಗು ಅಕ್ಷರವನ್ನು ಸ್ವೀಕರಿಸಿದೊಡನೆ ಐಫೋನ್‌ನ ಸಂದೇಶ ತಂತ್ರಾಂಶಗಳು ಕುಸಿದು ಬೀಳುತ್ತಿದ್ದವು. ದೋಷ ಒಂದೇ ಅಕ್ಷರದಷ್ಟು ಚಿಕ್ಕದಾಗಿತ್ತು, ಯಾರು ಬೇಕಾದರೂ ಮರುಕಳಿಸಿ ತೋರಿಸಬಹುದಿತ್ತು. ಅದೇ ತಿಂಗಳಿನಲ್ಲಿ ಆ್ಯಪಲ್ ಸಂಸ್ಥೆ 11.2.6 ಆವೃತ್ತಿ ಹೊರತಂದು ತಿದ್ದಿತು. ‘ತೆಲುಗು ಬರುತ್ತಿಲ್ಲ’ ಎಂದಷ್ಟೇ ದೂರಿದ್ದರೆ ಆ ವೇಗ ಸಾಧ್ಯವಿತ್ತೇ?

ಸರ್ಕಾರಿ ಸೇವೆಗಳ ವಿಷಯದಲ್ಲಿ ಇಂತಹ ಸಾರ್ವಜನಿಕ ದೋಷಪಟ್ಟಿ ಕಾಣಸಿಗುವುದಿಲ್ಲ. ಕಿಟಕಿಯ ಸಿಬ್ಬಂದಿಗೆ ತಿದ್ದುವ ಅಧಿಕಾರವಿಲ್ಲ, ಬಹುತೇಕ ಯಾರಿಗೆ ಹೇಳಬೇಕೆಂಬ ಮಾಹಿತಿಯೂ ಇಲ್ಲ. ಅವರ ಮೇಲೆ ರೇಗುವುದರಿಂದ ಪ್ರಯೋಜನವಿಲ್ಲ. ರಾಜ್ಯದ ಕುಂದುಕೊರತೆ ಸಹಾಯವಾಣಿ 1902ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಪಡೆಯಬಹುದು. ಲಿಖಿತ ಅರ್ಜಿ ನೀಡುವುದಾದರೆ ತಿರಸ್ಕೃತ ಪುಟದ ಚಿತ್ರ, ದಿನಾಂಕ, ಎರಡೂ ದಾಖಲೆಗಳಲ್ಲಿನ ಹೆಸರಿನ ರೂಪ ಲಗತ್ತಿಸುವುದು ಒಳಿತು. ‘ನನ್ನ ಹೆಸರು ತಿದ್ದಿ’ ಎಂದು ಕೇಳುವುದಕ್ಕಿಂತ ‘ಈ ಎರಡು ರೂಪಗಳನ್ನು ತಂತ್ರಾಂಶ ಒಂದೆಂದು ಗುರುತಿಸುತ್ತಿಲ್ಲ’ ಎಂದು ಬರೆದರೆ ದೂರು ಗುಮಾಸ್ತರ ಮೇಜಿನಿಂದ ತಂತ್ರಾಂಶ ವಿಭಾಗದ ಮೇಜಿಗೆ ಹೋಗುವ ಸಾಧ್ಯತೆ ಹೆಚ್ಚು.

ತಿದ್ದಲಾಗದ ತಪ್ಪೊಂದು

ಎಲ್ಲ ತಪ್ಪುಗಳನ್ನೂ ತಿದ್ದಲಾಗುವುದಿಲ್ಲ. ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ 9ನೆಯ ಶತಮಾನದಲ್ಲಿ ರಚಿತವಾದ ‘ಕವಿರಾಜಮಾರ್ಗ’ದ ಕನ್ನಡದಲ್ಲಿ ‘ಱ’ ಮತ್ತು ‘ೞ’ ಎಂಬ ಎರಡು ಅಕ್ಷರಗಳಿದ್ದವು. ಮುಂದೆ ಬಳಕೆಯಿಂದ ಮರೆಯಾದ ಇವೆರಡಕ್ಕೂ ಯುನಿಕೋಡ್‌ನಲ್ಲಿ ಸ್ಥಾನವಿದೆ. ಆದರೆ 3294ರಲ್ಲಿರುವ ‘ೞ’ಕಾರಕ್ಕೆ ಅಲ್ಲಿ ಕೊಟ್ಟ ಅಧಿಕೃತ ಹೆಸರು ‘ಕನ್ನಡ ಲೆಟರ್ ಫಾ’! ಹಳಗನ್ನಡ ಬಲ್ಲ ಯಾರಿಗೂ ಇದು ಒಪ್ಪಿಗೆಯಾಗದು. ತಪ್ಪೆಂಬುದನ್ನು ಯುನಿಕೋಡ್ ಒಕ್ಕೂಟವೂ ಒಪ್ಪಿದೆ. ಆದರೂ ಬದಲಿಸಲಾಗದು. ಒಮ್ಮೆ ಕೊಟ್ಟ ಹೆಸರನ್ನು ಎಂದಿಗೂ ಬದಲಿಸುವುದಿಲ್ಲವೆಂಬುದು ಒಕ್ಕೂಟದ ಕಟ್ಟುನಿಟ್ಟಿನ ನಿಯಮ. ಹೆಸರನ್ನು ನಂಬಿ ಬರೆದ ತಂತ್ರಾಂಶಗಳು ಜಗತ್ತಿನಲ್ಲಿ ಎಲ್ಲಿ ಎಷ್ಟಿವೆಯೋ ಬಲ್ಲವರಾರು? ಆದುದರಿಂದ ತಪ್ಪು ಹೆಸರನ್ನು ಹಾಗೆಯೇ ಉಳಿಸಿ, ‘ಳ್ಳ್ಳ’ ಎಂಬರ್ಥದ ಸರಿಯಾದ ಪರ್ಯಾಯ ಹೆಸರನ್ನು ಪಕ್ಕದಲ್ಲಿ ಅಧಿಕೃತವಾಗಿ ದಾಖಲಿಸಲಾಗಿದೆ.

ಬಿಟ್ಟುಹೋದ ಅಕ್ಷರಗಳನ್ನು ಸೇರಿಸುವುದಕ್ಕೆ ಮಾತ್ರ ಅಡ್ಡಿಯಿಲ್ಲ. ಆಧಾರಸಹಿತ ಪ್ರಸ್ತಾವ ಸಲ್ಲಿಸಿದರೆ ತಜ್ಞರ ಸಮಿತಿ ಪರಿಶೀಲಿಸುತ್ತದೆ. ಹಳೆಯ ಬರವಣಿಗೆಯ ‘ನಕಾರ ಪೊಲ್ಲು’ 2021ರ 14.0 ಆವೃತ್ತಿಯಲ್ಲಿ ಹೀಗೆಯೇ ಸೇರಿತು. ಅಂದರೆ 1991ರಲ್ಲಿ ಆರಂಭವಾದ ಪಟ್ಟಿಗೆ ಮೂವತ್ತು ವರ್ಷಗಳ ನಂತರವೂ ಕನ್ನಡದ ಹೊಸ ನಮೂದು ಬಂದಿದೆ.

ಊರಿನ ಹೆಸರುಗಳಿಗೂ ‘ೞ’ಕಾರದ ಮಾರ್ಗವನ್ನೇ ಅನುಸರಿಸಬಹುದೆಂಬುದು ಈ ಲೇಖಕನ ಅಭಿಪ್ರಾಯ. ಹಳೆಯ ದಾಖಲೆಗಳನ್ನೆಲ್ಲ ಬೆನ್ನಟ್ಟಿ ತಿದ್ದುವ ಬದಲು ಪ್ರತಿ ಊರಿಗೂ ಬದಲಾಗದ ಒಂದು ಸಂಖ್ಯೆ, ಒಂದು ಅಧಿಕೃತ ಹೆಸರು, ಜತೆಗೆ ಒಪ್ಪಿತ ಪರ್ಯಾಯ ರೂಪಗಳ ಪಟ್ಟಿ ಇದ್ದರೆ ‘ಕಮಲಾಪೂರ’ ಎಂದು ಟೈಪ್ ಮಾಡಿದವರಿಗೂ ಕಮಲಾಪುರ ಸಿಗುತ್ತದೆ. ನಗರದ ರೈಲು ನಿಲ್ದಾಣದ ಸಂಕೇತ ‘ಜಿಆರ್’ ಇದ್ದದ್ದು ಹೆಸರು ಬದಲಾದ ಬಳಿಕ ‘ಕೆಎಲ್‌ಬಿಜಿ’ ಆಯಿತು. 2019ರ ನವೆಂಬರ್‌ನಲ್ಲಿ ಉದ್ಘಾಟನೆಗೊಂಡ ವಿಮಾನ ನಿಲ್ದಾಣದ ಸಂಕೇತ ಮಾತ್ರ ‘ಜಿಬಿಐ’ ಎಂದೇ ಇದೆ. ಟಿಕೆಟ್ ಕೊಡುವ ಗಣಕಗಳು ಎರಡನ್ನೂ ಕಲಬುರಗಿಯೆಂದೇ ಗುರುತಿಸಿ ಪ್ರಯಾಣಿಕರನ್ನು ಊರು ಮುಟ್ಟಿಸುತ್ತಿವೆ.